ವಿಂಡೋ ಹಿಗ್ಗಿದಾಗ ಜಾಗ ಯಾರಿಗೆ? ಫಾರ್ಮ್, ಬಟನ್, ಗ್ರಿಡ್‌ಗಳ ಅಳತೆ ಸರಿಮಾಡುವ ಪೂರ್ತಿ ವಿಧಾನ

ಗಾಂಧಿ ಬಜಾರ್ ಹತ್ತಿರದ ಒಂದು ದಿನಸಿ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಹಾಕಿ ಬಂದ ಎರಡನೇ ದಿನ ಬೆಳಿಗ್ಗೆಯೇ ಅಂಗಡಿಯವರ ಫೋನ್ ಬಂತು. "ಸಾರ್, ಬಿಲ್ ಉಳಿಸೋ ಬಟನ್ನೇ ಕಾಣ್ತಿಲ್ಲ. ನಿನ್ನೆ ಇತ್ತು." ಯಶವಂತಪುರದಲ್ಲಿ ಮೆಟ್ರೋ ಹತ್ತಿ, ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಇಳಿದು ಹೋಗಿ ನೋಡಿದೆ.

ಅವರ ಲ್ಯಾಪ್‌ಟಾಪ್ ಪರದೆ 1366×768. ಅಕ್ಷರ ಸಣ್ಣದಾಗಿ ಕಾಣುತ್ತದೆ ಅಂತ ಅವರ ಮಗಳು ಹಿಂದಿನ ರಾತ್ರಿ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಸ್ಕೇಲ್ ಅನ್ನು 125% ಮಾಡಿದ್ದಳು. ನಾನು ಮನೆಯಲ್ಲಿ ದೊಡ್ಡ ಮಾನಿಟರ್ ಮುಂದೆ ಕೂತು 1200×700 ಅಳತೆಯ ಫಾರ್ಮ್ (ಪ್ರೋಗ್ರಾಂನ ವಿಂಡೋ) ಮಾಡಿದ್ದೆ. 125% ಆದ ಮೇಲೆ ಆ ಪರದೆಯಲ್ಲಿ ನಮಗೆ ಸಿಗುವುದು ಲೆಕ್ಕಕ್ಕೆ ಸುಮಾರು 1093×614 ಮಾತ್ರ. ಬಟನ್ ಕೆಳಗೆ ಸರಿದು ಪರದೆಯಿಂದಲೇ ಆಚೆ ಹೋಗಿತ್ತು.

ಅಲ್ಲಿ ನಿಂತಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಗ್ರಿಡ್‌ನಲ್ಲಿ, ಅಂದರೆ ಬಿಲ್ಲಿನ ಸಾಲುಗಳು ಬರುವ ಪಟ್ಟಿಯಲ್ಲಿ, "ಅಕ್ಕಿ" ಅನ್ನುವುದು "ಅಕಿ" ಅಂತ ಕಾಣುತ್ತಿತ್ತು. "ಬೆಲ್ಲ" ಹೋಗಿ "ಬೆಲ" ಆಗಿತ್ತು. ಸಾಲಿನ ಎತ್ತರ ಸಾಲದೆ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗಿತ್ತು. ಬಟನ್ ಕಾಣದಿದ್ದರೆ ಜನ ಫೋನ್ ಮಾಡುತ್ತಾರೆ. ಒತ್ತು ಕಾಣದಿದ್ದರೆ ಸುಮ್ನೆ ಹೊಂದಿಕೊಂಡುಬಿಡುತ್ತಾರೆ. ನನಗೆ ಜಾಸ್ತಿ ನೋವಾಗಿದ್ದು ಎರಡನೆಯದರಿಂದ.

ಆಮೇಲೆ ಇಡೀ ಫಾರ್ಮ್ ಅನ್ನು ಮೊದಲಿನಿಂದ ಕಟ್ಟಿದೆ. ಹೇಗೆ ಕಟ್ಟಿದೆ ಅನ್ನುವುದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ಬಳಸಿದ್ದು ಕೋಡ್ ಬರೆಯುವ ವಿಷುಯಲ್ ಸ್ಟುಡಿಯೋ, ಅದರಲ್ಲಿ ಫಾರ್ಮ್ ಕಟ್ಟುವ ವಿಂಡೋಸ್ ಫಾರ್ಮ್ಸ್. ಹೆಸರುಗಳೆಲ್ಲ ಅದರವೇ. ಬೇರೆ ಟೂಲ್ ಬಳಸುವವರಿಗೂ ಯೋಚನೆ ಒಂದೇ, ಅದನ್ನು ಕೊನೆಯ ಕಡೆ ಸ್ವಲ್ಪ ಹೇಳುತ್ತೇನೆ.

ಹೆಜ್ಜೆ 1: ಕಂಪ್ಯೂಟರ್ ಮುಚ್ಚಿ, ಕಾಗದ ತೆಗೆಯಿರಿ

ಡಿಸೈನರ್ (ಫಾರ್ಮ್ ಜೋಡಿಸುವ ಪುಟ) ತೆರೆದ ತಕ್ಷಣ ಟೆಕ್ಸ್ಟ್‌ಬಾಕ್ಸ್ ಎಳೆದು ಹಾಕಬೇಡಿ. ಒಂದು ಹಾಳೆಯ ಮೇಲೆ ಫಾರ್ಮ್ ಬರೆಯಿರಿ. ಪ್ರತಿ ಡಬ್ಬಿಯ ಮುಂದೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ವಿಂಡೋ ಹಿಗ್ಗಿದರೆ ಆ ಹೆಚ್ಚಿನ ಜಾಗ ಇದಕ್ಕೆ ಬೇಕಾ?

ನನ್ನ ಬಿಲ್ ಫಾರ್ಮ್‌ನಲ್ಲಿ ಮೇಲೆ ಗ್ರಾಹಕರ ಹೆಸರು, ಫೋನ್ ನಂಬರ್. ಎಡಕ್ಕೆ ಸಾಮಾನು ಹುಡುಕುವ ಪಟ್ಟಿ. ಮಧ್ಯದಲ್ಲಿ ಬಿಲ್ಲಿನ ಗ್ರಿಡ್. ಕೆಳಗೆ ಒಟ್ಟು ಮೊತ್ತ ಮತ್ತು ಮೂರು ಬಟನ್. ಫೋನ್ ನಂಬರಿಗೆ ಹತ್ತು ಅಂಕಿ ಹಿಡಿದರೆ ಸಾಕು, ಅದು ಒಂದಡಿ ಉದ್ದ ಆಗಬೇಕಿಲ್ಲ. ಬಟನ್ ದಪ್ಪ ಆಗಿ ಏನೂ ಲಾಭ ಇಲ್ಲ. ಜಾಗ ಸಿಕ್ಕಷ್ಟೂ ಬೇಕಾಗಿರುವುದು ಗ್ರಿಡ್‌ಗೆ, ಅದರೊಳಗೂ ಸಾಮಾನಿನ ಹೆಸರಿನ ಕಾಲಂಗೆ. ಅಗಲದಲ್ಲಿ ಎರಡನೇ ಪಾಲು ಗ್ರಾಹಕರ ಹೆಸರಿಗೆ. ಉಳಿದವರೆಲ್ಲ ಇದ್ದಲ್ಲೇ, ಇದ್ದಷ್ಟೇ.

ಈ ಕೆಲಸಕ್ಕೆ ಹತ್ತು ನಿಮಿಷ ಸಾಕು. ಇದನ್ನು ಮಾಡದೆ ಮುಂದಿನ ಹೆಜ್ಜೆಗೆ ಹೋದರೆ ಪ್ರಾಪರ್ಟಿ (ಸೆಟ್ಟಿಂಗ್) ವಿಂಡೋದಲ್ಲಿ ಸಿಕ್ಕಿದ್ದನ್ನೆಲ್ಲ ಒತ್ತಿ ನೋಡುವುದೇ ಕೆಲಸ ಆಗುತ್ತದೆ, ಒಂದು ಸರಿಹೋದರೆ ಇನ್ನೊಂದು ಕೆಡುತ್ತದೆ.

ಹೆಜ್ಜೆ 2: ಮೊದಲು ಫಾಂಟ್, ಆಮೇಲೆ ಉಳಿದಿದ್ದು

ಖಾಲಿ ಫಾರ್ಮ್ ಇರುವಾಗಲೇ ಅದರ ಫಾಂಟ್ ಬದಲಿಸಿ. ಒಳಗೆ ಹಾಕುವ ಕಂಟ್ರೋಲ್‌ಗಳು (ಬಟನ್, ಬಾಕ್ಸ್, ಲೇಬಲ್ ಎಲ್ಲ) ಫಾರ್ಮ್‌ನ ಫಾಂಟನ್ನೇ ತೆಗೆದುಕೊಳ್ಳುತ್ತವೆ, ಒಂದೊಂದಕ್ಕೂ ಬೇರೆ ಬೇರೆ ಹಾಕುವ ಪೇಚಾಟ ಬೇಡ. ಕನ್ನಡಕ್ಕೆ ನಾನು ನಿರ್ಮಲಾ ಯುಐ 11 ಪಾಯಿಂಟ್ ಇಟ್ಟೆ. ವಿಂಡೋಸ್ 8ರಿಂದ ಈಚೆಗೆ ಅದು ವಿಂಡೋಸ್ ಜೊತೆಗೇ ಬರುತ್ತದೆ.

ಫಾಂಟ್ ಯಾಕೆ ಮೊದಲು ಅಂದರೆ, ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರದ ಹಾಗೆ ಒಂದು ಗೆರೆಯ ಮೇಲೆ ಕೂತು ಮುಗಿಯುವುದಿಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು. "ಸ್ತ್ರೀ", "ರಾಷ್ಟ್ರ" ಅಂತ ಬರೆದರೆ ಒಂದರ ಜೊತೆ ಇನ್ನೊಂದು ಒತ್ತು ಸೇರುತ್ತದೆ. ಇಂಗ್ಲಿಷ್ ನೋಡಿ ಎತ್ತರ ನಿಗದಿ ಮಾಡಿದ ಲೇಬಲ್‌ನಲ್ಲಿ ಇವು ಹಿಡಿಸುವುದಿಲ್ಲ. ಅದಕ್ಕೇ ಡಿಸೈನ್ ಮಾಡುವಾಗ "ಲೇಬಲ್1" ಅಂತ ಬಿಡಬೇಡಿ. ನಿಜವಾದ ಕನ್ನಡ ಪದವನ್ನೇ ಹಾಕಿ, ಅದೂ ಒತ್ತು ಇರುವ ಪದವನ್ನು.

ಸ್ಕೇಲ್ ಬದಲಾದಾಗ ಯಾವುದನ್ನು ನೋಡಿ ಹಿಗ್ಗಬೇಕು ಅಂತ ಹೇಳುವ ಆಟೋಸ್ಕೇಲ್‌ಮೋಡ್ ಅನ್ನುವ ಪ್ರಾಪರ್ಟಿ ಫಾರ್ಮ್‌ನಲ್ಲಿದೆ. ಅದು "ಫಾಂಟ್" ಅಂತಲೇ ಇರಲಿ. ಹಲವು ಕಂಟ್ರೋಲ್ ಸೇರಿಸಿ ನೀವೇ ಮಾಡಿದ ಯೂಸರ್ ಕಂಟ್ರೋಲ್‌ಗಳಲ್ಲೂ ಅದೇ ಇರಬೇಕು. ಫಾರ್ಮ್‌ನಲ್ಲಿ ಒಂದು, ಒಳಗಿನ ಯೂಸರ್ ಕಂಟ್ರೋಲ್‌ನಲ್ಲಿ ಇನ್ನೊಂದು ಇದ್ದರೆ ಸ್ಕೇಲ್ ಬದಲಾದಾಗ ಒಂದು ಭಾಗ ದೊಡ್ಡದು, ಒಂದು ಭಾಗ ಸಣ್ಣದು ಆಗುತ್ತದೆ. ಡಿಸೈನರ್ ಅನ್ನು ಯಾವಾಗಲೂ 100% ಸ್ಕೇಲ್‌ನಲ್ಲೇ ತೆರೆಯಿರಿ. ಮಾನಿಟರ್ ಸ್ಕೇಲ್ ಬೇರೆ ಇದ್ದರೆ ವಿಷುಯಲ್ ಸ್ಟುಡಿಯೋ ಮೇಲ್ಗಡೆ ಹಳದಿ ಪಟ್ಟಿ ತೋರಿಸಿ, 100%ನಲ್ಲಿ ಮತ್ತೆ ಶುರು ಮಾಡಲಾ ಅಂತ ಕೇಳುತ್ತದೆ. ಹೂಂ ಅನ್ನಿ.

ಹೆಜ್ಜೆ 3: ದೊಡ್ಡ ಭಾಗಗಳಿಗೆ ಡಾಕ್

ಡಾಕ್ ಅಂದರೆ ಒಂದು ಅಂಚಿಗೆ ಪೂರ್ತಿ ಅಂಟಿಸುವುದು. ಈಗ ಫಾರ್ಮ್ ಅನ್ನು ಮೂರು ಪ್ಯಾನೆಲ್ (ಕಂಟ್ರೋಲ್ ಇಡುವ ಖಾಲಿ ಚೌಕಟ್ಟು) ಆಗಿ ಭಾಗ ಮಾಡಿ. ಮೇಲಿನ ಪ್ಯಾನೆಲ್‌ಗೆ ಡಾಕ್ "ಟಾಪ್". ಕೆಳಗಿನದಕ್ಕೆ "ಬಾಟಮ್". ಮಧ್ಯದ್ದಕ್ಕೆ "ಫಿಲ್". ಮೇಲಿನದು, ಕೆಳಗಿನದು ತಮ್ಮ ಎತ್ತರ ಇಟ್ಟುಕೊಂಡು ಅಗಲ ಮಾತ್ರ ಹಿಗ್ಗುತ್ತವೆ. ಉಳಿದಿದ್ದೆಲ್ಲ ಮಧ್ಯದವರ ಪಾಲು. ಬಟನ್ ಕೆಳಗಿನ ಅಂಚಿಗೆ ಅಂಟಿಕೊಂಡಿರುವುದರಿಂದ ಅದು ವಿಂಡೋ ಬಿಟ್ಟು ಹೋಗುವ ಮಾತೇ ಇಲ್ಲ. ವಿಂಡೋ ಚಿಕ್ಕದಾದರೆ ಕುಗ್ಗುವುದು ಗ್ರಿಡ್, ಗ್ರಿಡ್‌ಗೆ ಸ್ಕ್ರಾಲ್ ಇದ್ದೇ ಇದೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಗ್ರಿಡ್‌ನ ತಲೆಸಾಲು ಮೇಲಿನ ಪ್ಯಾನೆಲ್ ಹಿಂದೆ ಅಡಗಿ ಕೂರುತ್ತದೆ. ಕೋಡ್ ಎಲ್ಲ ಸರಿ ಇರುತ್ತದೆ, ತಪ್ಪು ಎಲ್ಲಿ ಅಂತ ಗೊತ್ತಾಗುವುದಿಲ್ಲ. ಕಾರಣ ಏನೆಂದರೆ ಡಾಕ್ ಹಂಚಿಕೆ ಹಿಂದಿನ ಪದರದಿಂದ ಮುಂದಿನ ಪದರಕ್ಕೆ ಬರುತ್ತದೆ. "ಫಿಲ್" ಆಗಿರುವವರು ಎಲ್ಲರಿಗಿಂತ ಮುಂದಿನ ಪದರದಲ್ಲಿದ್ದರೆ ಅವರ ಸರದಿ ಕೊನೆಗೆ ಬಂದು, ಉಳಿದ ಜಾಗ ಸರಿಯಾಗಿ ಸಿಗುತ್ತದೆ. ಹಿಂದಿದ್ದರೆ ಇಡೀ ಜಾಗವನ್ನು ಮೊದಲೇ ಬಾಚಿಕೊಂಡುಬಿಡುತ್ತಾರೆ. ಮಧ್ಯದ ಪ್ಯಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ "ಬ್ರಿಂಗ್ ಟು ಫ್ರಂಟ್" ಒತ್ತಿ. ಅಷ್ಟೇ. ಈ ಪದರಗಳನ್ನು ಕಣ್ಣಾರೆ ನೋಡಬೇಕು ಅಂದರೆ ಡಾಕ್ಯುಮೆಂಟ್ ಔಟ್‌ಲೈನ್ ಅನ್ನುವ ವಿಂಡೋ ತೆರೆಯಿರಿ.

ಇನ್ನೊಂದು ಸಣ್ಣ ವಿಷಯ. ಸಾಮಾನ್ಯ ಪ್ಯಾನೆಲ್‌ನಲ್ಲಿ ಡಾಕ್ ಮಾಡಿದ ಕಂಟ್ರೋಲ್‌ನ ಮಾರ್ಜಿನ್ (ಸುತ್ತಲಿನ ಖಾಲಿ ಜಾಗ) ಲೆಕ್ಕಕ್ಕೆ ಬರುವುದಿಲ್ಲ. ಅಂಚಿನಲ್ಲಿ ಗಾಳಿ ಆಡಲು ಜಾಗ ಬೇಕಿದ್ದರೆ ಹೊರಗಿನ ಪ್ಯಾನೆಲ್‌ಗೆ ಪ್ಯಾಡಿಂಗ್ (ಒಳಗಡೆಯ ಖಾಲಿ ಜಾಗ) ಕೊಡಿ.

ಹೆಜ್ಜೆ 4: ಆಂಕರ್ ಎಲ್ಲಿ ಸಾಕು, ಎಲ್ಲಿ ಕೈಕೊಡುತ್ತದೆ

ಆಂಕರ್ ಅಂದರೆ ಅಂಚಿನಿಂದ ಇರುವ ದೂರವನ್ನು ಕಾಪಾಡುವುದು. ಸುಮ್ನೆ ಬಿಟ್ಟರೆ ಪ್ರತಿ ಕಂಟ್ರೋಲ್ ಮೇಲಕ್ಕೆ ಮತ್ತು ಎಡಕ್ಕೆ ಕಟ್ಟಿಕೊಂಡಿರುತ್ತದೆ. ಕೆಳಗೆ ಮತ್ತು ಬಲಕ್ಕೆ ಕಟ್ಟಿದರೆ ಬಲಗಡೆ ಕೆಳಮೂಲೆಯನ್ನೇ ಹಿಂಬಾಲಿಸುತ್ತದೆ. ಎಡ, ಬಲ ಎರಡಕ್ಕೂ ಕಟ್ಟಿದರೆ ಎಳೆದ ಹಾಗೆ ಅಗಲ ಆಗುತ್ತದೆ. ಯಾವುದಕ್ಕೂ ಕಟ್ಟದಿದ್ದರೆ ವಿಂಡೋ ಹಿಗ್ಗಿದ್ದರ ಅರ್ಧದಷ್ಟು ಸರಿಯುತ್ತದೆ.

ಒಂದು ಸಾಲಿನಲ್ಲಿ ಒಂದೇ ಟೆಕ್ಸ್ಟ್‌ಬಾಕ್ಸ್ ಇದ್ದರೆ ಇಷ್ಟು ಸಾಕು. ಪಕ್ಕಪಕ್ಕದಲ್ಲಿ ಎರಡು ಇದ್ದು, ಎರಡನ್ನೂ ಎಡ-ಬಲಕ್ಕೆ ಕಟ್ಟಿದಿರೋ, ಕೆಟ್ಟಿತು. ವಿಂಡೋ 200 ಪಿಕ್ಸೆಲ್ ಹಿಗ್ಗಿದರೆ ಎರಡೂ ತಲಾ 200 ಹಿಗ್ಗುತ್ತವೆ, ಹೆಸರಿನ ಬಾಕ್ಸ್ ಹೋಗಿ ಫೋನ್ ನಂಬರಿನ ಬಾಕ್ಸ್ ಮೇಲೆ ಬೀಳುತ್ತದೆ. ಆಂಕರ್‌ಗೆ ಅಕ್ಕಪಕ್ಕದವರು ಕಾಣುವುದಿಲ್ಲ, ಅಂಚು ಮಾತ್ರ ಕಾಣುತ್ತದೆ. ಹಂಚಿಕೊಳ್ಳುವ ಜಾಗದಲ್ಲಿ ಬೇಕಾಗಿರುವುದು ಮುಂದಿನ ಹೆಜ್ಜೆ.

ಹೆಜ್ಜೆ 5: ಹಂಚಿಕೆಗೆ ಟೇಬಲ್ ಲೇಔಟ್

ಮೇಲಿನ ಭಾಗದಲ್ಲಿ ಒಂದು ಟೇಬಲ್‌ಲೇಔಟ್‌ಪ್ಯಾನೆಲ್ ಇಡಿ, ಅಂದರೆ ಸಾಲು, ಕಾಲಂ ಇರುವ ಪ್ಯಾನೆಲ್. ನಾಲ್ಕು ಕಾಲಂ. ಲೇಬಲ್ ಇರುವ ಮೊದಲನೇ ಮತ್ತು ಮೂರನೇ ಕಾಲಂ "ಆಟೋಸೈಜ್". ಹೆಸರಿನ ಕಾಲಂ 70 ಪರ್ಸೆಂಟ್, ಫೋನಿನದು 30 ಪರ್ಸೆಂಟ್. ಸಾಲುಗಳೆಲ್ಲ "ಆಟೋಸೈಜ್". ಲೆಕ್ಕ ಹೀಗೆ ನಡೆಯುತ್ತದೆ: ಇಷ್ಟೇ ಪಿಕ್ಸೆಲ್ ಅಂತ ಪಟ್ಟು ಹಿಡಿದವರಿಗೆ ಮೊದಲು ಕೊಡುತ್ತದೆ, ಆಮೇಲೆ ಆಟೋಸೈಜ್‌ನವರಿಗೆ ಅವರ ಒಳಗಿರುವುದು ಹಿಡಿಯುವಷ್ಟು, ಉಳಿದಿದ್ದನ್ನು ಪರ್ಸೆಂಟ್‌ನವರು ಹಂಚಿಕೊಳ್ಳುತ್ತಾರೆ. ಅಂದರೆ 70 ಅನ್ನುವುದು ಇಡೀ ಅಗಲದ 70 ಅಲ್ಲ, ಉಳಿದ ಜಾಗದ 70.

ಕನ್ನಡಕ್ಕೆ ಇದು ವರ. ಇಂಗ್ಲಿಷಿನ "ನೇಮ್" ನಾಲ್ಕೇ ಅಕ್ಷರ, ನಮ್ಮ "ಗ್ರಾಹಕರ ಹೆಸರು" ಎಷ್ಟು ಉದ್ದ ನೋಡಿ. ಲೇಬಲ್ ಕಾಲಂ ಆಟೋಸೈಜ್ ಇದ್ದರೆ ಭಾಷೆ ಬದಲಿಸಿದಾಗ ಅದು ತಾನೇ ಅಗಲ ಆಗುತ್ತದೆ, ಟೆಕ್ಸ್ಟ್‌ಬಾಕ್ಸ್ ತಾನೇ ಸ್ವಲ್ಪ ಸರಿದು ಜಾಗ ಬಿಡುತ್ತದೆ. ಯಾರೂ ಯಾರ ಮೇಲೂ ಬೀಳುವುದಿಲ್ಲ.

ಕೋಶದ ಒಳಗೆ ಆಂಕರ್ ಅಂದರೆ ಆ ಕೋಶದ ಅಂಚು. ಟೆಕ್ಸ್ಟ್‌ಬಾಕ್ಸ್‌ಗೆ ಎಡ ಮತ್ತು ಬಲ ಕೊಡಿ, ಕೋಶ ತುಂಬಾ ಹರಡುತ್ತದೆ. ಲೇಬಲ್‌ಗೆ ಎಡ ಒಂದನ್ನೇ ಕೊಡಿ, ಮೇಲಿನದನ್ನು ತೆಗೆದುಬಿಡಿ. ಆಗ ಲೇಬಲ್ ಕೋಶದ ನಟ್ಟನಡುವೆ ನಿಂತು, ಪಕ್ಕದ ಟೆಕ್ಸ್ಟ್‌ಬಾಕ್ಸ್‌ನ ಜೊತೆ ಸಾಲಾಗಿ ಕಾಣುತ್ತದೆ. ಮೊದಲೆಲ್ಲ ನಾನು ಇದಕ್ಕಾಗಿ ಮೂರು ಪಿಕ್ಸೆಲ್ ಮೇಲೆ, ಎರಡು ಪಿಕ್ಸೆಲ್ ಕೆಳಗೆ ಅಂತ ಗಂಟೆಗಟ್ಟಲೆ ಸರಿಸುತ್ತಿದ್ದೆ.

ಒಂದರೊಳಗೊಂದು ಟೇಬಲ್ ಇಡುತ್ತಾ ಹೋಗಬೇಡಿ. ಎರಡು ಪದರ ಪರವಾಗಿಲ್ಲ. ಜಾಸ್ತಿ ಆದರೆ ವಿಂಡೋ ಎಳೆಯುವಾಗ ತಡವರಿಸುತ್ತದೆ.

ಕೆಳಗಿನ ಬಟನ್‌ಗಳಿಗೆ, ಒಂದರ ಪಕ್ಕ ಒಂದು ತಾನೇ ಜೋಡಿಸುವ ಫ್ಲೋಲೇಔಟ್‌ಪ್ಯಾನೆಲ್ ಸಾಕು. ದಿಕ್ಕು ಬಲದಿಂದ ಎಡಕ್ಕೆ ಇಟ್ಟರೆ ಮೊದಲು ಹಾಕಿದ "ಬಿಲ್ ಉಳಿಸಿ" ಬಲತುದಿಗೆ ಕೂರುತ್ತದೆ. ಪ್ರತಿ ಬಟನ್‌ಗೂ ಆಟೋಸೈಜ್ ಕೊಡಿ, ಜೊತೆಗೆ ಒಂದು ಕನಿಷ್ಠ ಅಳತೆ. ಆಗ "ಪ್ರಿಂಟ್" ತೀರಾ ಚಿಕ್ಕದಾಗಿ ಕಾಣುವುದಿಲ್ಲ, "ಹಳೇ ಬಾಕಿ ಸೇರಿಸಿ" ಅನ್ನುವ ಉದ್ದದ ಹೆಸರೂ ತುಂಡಾಗುವುದಿಲ್ಲ. ಪ್ಯಾನೆಲ್‌ಗೂ ಆಟೋಸೈಜ್ ಕೊಟ್ಟರೆ, ಅಗಲ ಸಾಲದಿದ್ದಾಗ ಬಟನ್ ಎರಡನೇ ಸಾಲಿಗೆ ಇಳಿದು ಪ್ಯಾನೆಲ್ ಕೂಡ ಎತ್ತರ ಆಗುತ್ತದೆ.

ಉದ್ದದ ಸೂಚನೆ ಬರೆದ ಲೇಬಲ್ ಇದ್ದರೆ ಅದಕ್ಕೆ ಆಟೋಸೈಜ್ ಇಟ್ಟು, ಮ್ಯಾಕ್ಸಿಮಮ್‌ಸೈಜ್‌ನಲ್ಲಿ ಅಗಲ 300, ಎತ್ತರ 0 ಅಂತ ಕೊಡಿ. 0 ಅಂದರೆ ಎತ್ತರಕ್ಕೆ ಮಿತಿ ಇಲ್ಲ. ಸಾಲು ಮುರಿದು ಕೆಳಗೆ ಬೆಳೆಯುತ್ತದೆ.

ಹೆಜ್ಜೆ 6: ಗ್ರಿಡ್, ಅಂದರೆ "ಅಕ್ಕಿ"ಯ ಒತ್ತು

ಡೇಟಾಗ್ರಿಡ್‌ವ್ಯೂನಲ್ಲಿ (ಬಿಲ್ಲಿನ ಗ್ರಿಡ್‌ಗೆ ಇಲ್ಲಿನ ಹೆಸರು) ಎಲ್ಲ ಕಾಲಂಗೂ ಒಟ್ಟಿಗೆ "ಫಿಲ್" ಕೊಡುವುದು ಸುಲಭ, ಆದರೆ ಅದು ಸರಿಯಲ್ಲ. ಕ್ರಮ ಸಂಖ್ಯೆಯ ಕಾಲಂ ಕೂಡ ಅಂಗೈ ಅಗಲ ಆಗಿ ಕೂರುತ್ತದೆ. ಸಾಮಾನಿನ ಹೆಸರಿಗೆ ಮಾತ್ರ "ಫಿಲ್" ಕೊಡಿ, ಜೊತೆಗೆ ಕನಿಷ್ಠ ಅಗಲ 180. ತೂಕ, ದರ, ಮೊತ್ತಕ್ಕೆ "ಡಿಸ್‌ಪ್ಲೇಡ್‌ಸೆಲ್ಸ್" ಕೊಡಿ, ಅಂದರೆ ಪರದೆಯ ಮೇಲೆ ಕಾಣುತ್ತಿರುವ ಸಾಲುಗಳನ್ನು ಮಾತ್ರ ನೋಡಿ ಅಗಲ ಹಾಕುತ್ತದೆ. "ಆಲ್‌ಸೆಲ್ಸ್" ಅಂತ ಕೊಟ್ಟರೆ ಇರುವ ಎಲ್ಲ ಸಾಲನ್ನೂ ಅಳೆಯುತ್ತದೆ. ಒಂದು ಬಿಲ್‌ಗೆ ಪರವಾಗಿಲ್ಲ, ಸಾವಿರಾರು ಸಾಲಿನ ಸ್ಟಾಕ್ ಪಟ್ಟಿಗೆ ಭಾರ.

ಈಗ ಎತ್ತರ. ಪ್ರತಿ ಸಾಲಿನ ಎತ್ತರವನ್ನು ತಾನೇ ಅಳೆಯುವ ವ್ಯವಸ್ಥೆ ಇದೆ, ಆದರೆ ಅದೂ ನಿಧಾನ. ನಾನು ಮಾಡಿದ್ದು ಬೇರೆ. ಫಾರ್ಮ್ ಲೋಡ್ ಆಗುವಾಗ ಗ್ರಿಡ್‌ನ ಫಾಂಟ್ ಎತ್ತರವನ್ನು ಕೇಳಿ, ಅದಕ್ಕೆ 8 ಕೂಡಿಸಿ, ರೋಟೆಂಪ್ಲೇಟ್‌ನ (ಹೊಸ ಸಾಲುಗಳ ಮಾದರಿ) ಎತ್ತರಕ್ಕೆ ಹಾಕಿದೆ. ಸಾಲುಗಳನ್ನು ತುಂಬುವ ಮೊದಲೇ ಇದನ್ನು ಮಾಡಬೇಕು, ಆಮೇಲೆ ಮಾಡಿದರೆ ಆಗಲೇ ಸೇರಿದ ಸಾಲುಗಳು ಹಾಗೇ ಉಳಿಯುತ್ತವೆ. 22, 25 ಅಂತ ಅಂಕಿ ನೇರ ಬರೆಯಬೇಡಿ. ಫಾಂಟ್ ದೊಡ್ಡದಾದ ದಿನ ಆ ಅಂಕಿ ಮತ್ತೆ ಒತ್ತಕ್ಷರದ ಕಾಲು ಕತ್ತರಿಸುತ್ತದೆ.

ಪರೀಕ್ಷೆಗೆ ನಾನು ಇಟ್ಟುಕೊಂಡಿರುವ ಪದಗಳು: ಅಕ್ಕಿ, ಬೆಲ್ಲ, ಕೊತ್ತಂಬರಿ, ಹುಣಸೆಹಣ್ಣು, ಬೆಳ್ಳುಳ್ಳಿ, ಶಾಸ್ತ್ರ. "ಬೆಳ್ಳುಳ್ಳಿ"ಯ ಎರಡೂ ಒತ್ತು ಪೂರ್ತಿ ಕಂಡರೆ, "ಶಾಸ್ತ್ರ"ದ ಕೊನೆಯ ಬಾಲ ಗೆರೆಗೆ ತಾಗದಿದ್ದರೆ ಆ ಎತ್ತರ ಸರಿ ಇದೆ ಅಂತ ಅರ್ಥ.

ಹೆಜ್ಜೆ 7: ಕನಿಷ್ಠ ಅಳತೆ ಎಷ್ಟು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಅಲ್ವಾ? ಮಿನಿಮಮ್‌ಸೈಜ್ ಅನ್ನು ನಿಮ್ಮ ಮಾನಿಟರ್ ನೋಡಿ ಇಡಬೇಡಿ, ಬಳಸುವವರ ಪರದೆ ನೋಡಿ ಇಡಿ. 1920×1080 ಲ್ಯಾಪ್‌ಟಾಪ್ ಅಂದರೆ ದೊಡ್ಡದು ಅನ್ನಿಸುತ್ತದೆ. ಅದರಲ್ಲಿ 150% ಸ್ಕೇಲ್ ಇದ್ದರೆ ಕೈಗೆ ಸಿಗುವುದು 1280×720, ಅದರಲ್ಲೂ ಟಾಸ್ಕ್‌ಬಾರ್ ಒಂದು ಪಾಲು ತಿನ್ನುತ್ತದೆ.

ಅಂಗಡಿಯಲ್ಲಿ ಒಂದು ಗಂಟೆ ಸುಮ್ಮನೆ ಕೂತು ನೋಡಿದಾಗ ಇನ್ನೊಂದು ಗೊತ್ತಾಯಿತು. ಅವರು ಪರದೆಯ ಅರ್ಧದಲ್ಲಿ ವಾಟ್ಸಾಪ್ ತೆರೆದು, ಗ್ರಾಹಕರು ಕಳಿಸಿದ ಪಟ್ಟಿ ನೋಡುತ್ತಾ, ಇನ್ನರ್ಧದಲ್ಲಿ ಬಿಲ್ ಹೊಡೆಯಲು ನೋಡುತ್ತಾರೆ. 1366ರ ಅರ್ಧ 683, ಅದೂ 125% ಸ್ಕೇಲ್‌ನಲ್ಲಿ ಲೆಕ್ಕಕ್ಕೆ ಸುಮಾರು 546. ನನ್ನ ಫಾರ್ಮ್‌ನ ಕನಿಷ್ಠ ಅಗಲ 900 ಇತ್ತು, ಅದು ಅರ್ಧಕ್ಕೆ ಕೂರುತ್ತಲೇ ಇರಲಿಲ್ಲ. ಪಾಪ, ಪ್ರತಿ ಸಾಮಾನಿಗೂ ಆ ಕಡೆ ಈ ಕಡೆ ವಿಂಡೋ ಬದಲಿಸುತ್ತಿದ್ದರು.

ಹಾಗಾಗಿ ಕಿರಿದಾದಾಗ ಏನನ್ನು ಬಚ್ಚಿಡಬೇಕು ಅನ್ನುವುದನ್ನೂ ತೀರ್ಮಾನಿಸಿ. ಮಧ್ಯದ ಭಾಗಕ್ಕೆ ನಾನು ಸ್ಪ್ಲಿಟ್‌ಕಂಟೇನರ್ ಹಾಕಿದೆ: ಎಡಕ್ಕೆ ಹುಡುಕುವ ಪಟ್ಟಿ, ಬಲಕ್ಕೆ ಗ್ರಿಡ್. ಫಿಕ್ಸೆಡ್‌ಪ್ಯಾನೆಲ್‌ನಲ್ಲಿ ಪ್ಯಾನೆಲ್1 ಆರಿಸಿದರೆ ಪಟ್ಟಿ ಅಷ್ಟೇ ಅಗಲ ಉಳಿದು, ಹಿಗ್ಗಿದ್ದೆಲ್ಲ ಗ್ರಿಡ್‌ಗೆ ಹೋಗುತ್ತದೆ. ಫಾರ್ಮ್‌ನ ಒಳ ಅಗಲ 800ಕ್ಕಿಂತ ಕಡಿಮೆ ಆದರೆ ಪ್ಯಾನೆಲ್1ಕೊಲ್ಯಾಪ್ಸ್ಡ್ ಅನ್ನು ಟ್ರೂ ಮಾಡಿ, ಪಟ್ಟಿ ಮಾಯ ಆಗುತ್ತದೆ. ಹುಡುಕಲು ಒಂದು ಸಣ್ಣ ಬಾಕ್ಸ್ ಮೇಲೆ ಉಳಿದಿರುತ್ತದೆ. ಕನಿಷ್ಠ ಅಗಲ 540ಕ್ಕೆ ಇಳಿಯಿತು.

ಹೆಜ್ಜೆ 8: ರೀಸೈಜ್ ಈವೆಂಟ್‌ನಲ್ಲಿ ಕೋಡ್ ಬರೆಯಲೇಬೇಕಾದರೆ

ರೀಸೈಜ್ ಈವೆಂಟ್ ಅಂದರೆ ವಿಂಡೋ ಅಳತೆ ಬದಲಾದಾಗಲೆಲ್ಲ ಬರುವ ಸೂಚನೆ. ಅದರಲ್ಲಿ ಆದಷ್ಟೂ ಕೋಡ್ ಬರೆಯಬೇಡಿ. ಮೇಲಿನ ಹೆಜ್ಜೆಗಳು ಮುಗಿದಾಗ ನನಗೆ ಉಳಿದಿದ್ದು ಪಟ್ಟಿ ಬಚ್ಚಿಡುವ ನಾಲ್ಕು ಸಾಲು ಮಾತ್ರ. ಬರೆಯಲೇಬೇಕು ಅಂದರೆ ಮೂರು ವಿಷಯ ನೆನಪಿರಲಿ.

ವಿಂಡೋ ಮಿನಿಮೈಸ್ ಮಾಡಿದಾಗಲೂ ರೀಸೈಜ್ ಬರುತ್ತದೆ, ಆಗ ಒಳ ಅಳತೆ 0. ಅದರಿಂದ ಭಾಗಿಸುವ ಲೆಕ್ಕ ಇದ್ದರೆ ಪ್ರೋಗ್ರಾಂ ಬಿದ್ದುಹೋಗುತ್ತದೆ. ಮೊದಲ ಸಾಲಿನಲ್ಲೇ ಮಿನಿಮೈಸ್ ಆಗಿದೆಯಾ ಅಂತ ನೋಡಿ ಹೊರಗೆ ಬನ್ನಿ.

ಅಂಚು ಎಳೆಯುತ್ತಿರುವಾಗ ರೀಸೈಜ್ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಚಾರ್ಟ್ ಬರೆಯುವಂಥ ಭಾರದ ಕೆಲಸವನ್ನು ರೀಸೈಜ್‌ಎಂಡ್‌ಗೆ ಹಾಕಿ, ಅದು ಮೌಸ್ ಬಿಟ್ಟಾಗ ಒಂದು ಸಲ ಬರುತ್ತದೆ. ಆದರೆ ಮ್ಯಾಕ್ಸಿಮೈಸ್ ಬಟನ್ ಒತ್ತಿದರೆ ರೀಸೈಜ್‌ಎಂಡ್ ಬರುವುದಿಲ್ಲ. ಅದಕ್ಕೆ ಸೈಜ್‌ಚೇಂಜ್ಡ್‌ನಲ್ಲಿ ವಿಂಡೋಸ್ಟೇಟ್ ಬದಲಾಗಿದೆಯಾ ಅಂತ ಬೇರೆ ನೋಡಬೇಕು. ಎಳೆದಾಗ ಸರಿ, ಮ್ಯಾಕ್ಸಿಮೈಸ್ ಮಾಡಿದಾಗ ಹಳೇ ಚಿತ್ರವೇ ಉಳಿಯುತ್ತದೆ ಅನ್ನುವ ಬಗ್ ಬಹಳಷ್ಟು ಸಲ ಇಲ್ಲಿಂದಲೇ ಹುಟ್ಟುವುದು.

ಒಂದೇ ಸಲ ಹತ್ತಾರು ಬಟನ್ ಸೇರಿಸುವಾಗ ಮೊದಲು ಸಸ್ಪೆಂಡ್‌ಲೇಔಟ್, ಮುಗಿದ ಮೇಲೆ ರೆಸ್ಯೂಮ್‌ಲೇಔಟ್ ಕರೆಯಿರಿ. ಇಲ್ಲದಿದ್ದರೆ ಪ್ರತಿ ಬಟನ್‌ಗೂ ಇಡೀ ಲೆಕ್ಕ ಮತ್ತೆ ನಡೆದು ಪರದೆ ಮಿಣುಕುತ್ತದೆ.

ಹೆಜ್ಜೆ 9: ಎರಡು ಮಾನಿಟರ್, ಎರಡು ಸ್ಕೇಲ್

ಗ್ರಾಹಕರಿಗೆ ಮೊತ್ತ ಕಾಣಲಿ ಅಂತ ಅಂಗಡಿಯವರು ಎಸ್.ಪಿ. ರೋಡ್‌ನಿಂದ ಒಂದು ಹಳೇ ಮಾನಿಟರ್ ತಂದು ಜೋಡಿಸಿದರು. ಲ್ಯಾಪ್‌ಟಾಪ್ 125%, ಮಾನಿಟರ್ 100%. ಇಂಥ ಕಡೆ ಹೈ ಡಿಪಿಐ (ಡಿಪಿಐ ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ) ಮೋಡ್ ಅನ್ನು "ಪರ್‌ಮಾನಿಟರ್‌ವಿ2" ಮಾಡಬೇಕು. ಇದಕ್ಕೆ ವಿಂಡೋಸ್ 10ರ 1703 ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು. ವಿಂಡೋಸ್ ಫಾರ್ಮ್ಸ್ ನಡೆಯುವುದು ಡಾಟ್‌ನೆಟ್ ಮೇಲೆ; ಡಾಟ್‌ನೆಟ್ ಫ್ರೇಮ್‌ವರ್ಕ್ ಆದರೆ 4.7ರಿಂದ ಬೆಂಬಲ ಇದೆ, ಡಾಟ್‌ನೆಟ್ 6ರಿಂದ ಈಚೆಗೆ ಪ್ರಾಜೆಕ್ಟ್ ಫೈಲ್‌ನಲ್ಲೇ ಬರೆದುಬಿಡಬಹುದು.

ಅಳತೆಯ ಲೆಕ್ಕ ಸರಳ. 96 ಡಿಪಿಐ ಅಂದರೆ 100%, 120 ಅಂದರೆ 125%, 144 ಅಂದರೆ 150%. ಕೋಡ್‌ನಲ್ಲಿ ಎಲ್ಲೇ 800, 540, 8 ಅಂತ ಅಂಕಿ ಬರೆದಿದ್ದರೂ ಅದನ್ನು ಲಾಜಿಕಲ್‌ಟುಡಿವೈಸ್‌ಯುನಿಟ್ಸ್ ಮೂಲಕ ಹಾಯಿಸಿ. 125%ನಲ್ಲಿ 800 ಅನ್ನುವುದು 1000 ಆಗುತ್ತದೆ, ಆಗಲೇ ಏಳನೇ ಹೆಜ್ಜೆಯ ತೀರ್ಮಾನ ಎಲ್ಲ ಪರದೆಯಲ್ಲೂ ಒಂದೇ ರೀತಿ ನಡೆಯುವುದು. ನಾನು ಇದನ್ನು ಮೊದಲು ಮರೆತಿದ್ದೆ, ಲ್ಯಾಪ್‌ಟಾಪ್‌ನಲ್ಲಿ ಪಟ್ಟಿ ಬೇಗ ಮಾಯ ಆಗುವ ಬದಲು ತಡವಾಗಿ ಮಾಯ ಆಗುತ್ತಿತ್ತು.

ಹೆಜ್ಜೆ 10: ಅಳತೆಯನ್ನು ನೆನಪಿಡುವುದು

ಬಳಸುವವರು ತಮಗೆ ಬೇಕಾದ ಹಾಗೆ ವಿಂಡೋ ಎಳೆದು ಇಟ್ಟಿದ್ದನ್ನು ಮರುದಿನ ಮರೆಯುವುದು ಸರಿಯಲ್ಲ. ಮುಚ್ಚುವಾಗ ಜಾಗ ಮತ್ತು ಅಳತೆ ಉಳಿಸಿ. ವಿಂಡೋ ಮಾಮೂಲಿ ಸ್ಥಿತಿಯಲ್ಲಿದ್ದರೆ ಬೌಂಡ್ಸ್ (ಈಗಿನ ಜಾಗ, ಅಳತೆ), ಮ್ಯಾಕ್ಸಿಮೈಸ್ ಅಥವಾ ಮಿನಿಮೈಸ್ ಆಗಿದ್ದರೆ ರಿಸ್ಟೋರ್‌ಬೌಂಡ್ಸ್ (ಮಾಮೂಲಿ ಸ್ಥಿತಿಯ ಜಾಗ, ಅಳತೆ) ಉಳಿಸಬೇಕು. ಮಿನಿಮೈಸ್ ಸ್ಥಿತಿಯನ್ನು ಮಾತ್ರ ಉಳಿಸಬೇಡಿ. ತೆರೆಯುವಾಗ, ಉಳಿಸಿದ ಜಾಗ ಈಗ ಇರುವ ಯಾವುದಾದರೂ ಪರದೆಯ ವರ್ಕಿಂಗ್‌ಏರಿಯಾ (ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗ) ಒಳಗೆ ಬರುತ್ತದೆಯಾ ನೋಡಿ, ಬರದಿದ್ದರೆ ಮುಖ್ಯ ಪರದೆಗೆ ತನ್ನಿ. ಹಳೇ ಮಾನಿಟರಿನ ವೈರ್ ಕಿತ್ತ ದಿನ ಫಾರ್ಮ್ ಇಲ್ಲದ ಪರದೆಯಲ್ಲಿ ತೆರೆದುಕೊಳ್ಳಬಾರದು. ಯಾರಿಗಾದರೂ ಹಾಗೆ ಆಗಿ ಫೋನ್ ಮಾಡಿದರೆ, ಟಾಸ್ಕ್‌ಬಾರ್‌ನಲ್ಲಿ ಅದನ್ನು ಒತ್ತಿ, ಆಲ್ಟ್ ಮತ್ತು ಸ್ಪೇಸ್, ಆಮೇಲೆ ಎಂ, ಆಮೇಲೆ ಒಂದು ಬಾಣದ ಕೀ ಒತ್ತಿ ಮೌಸ್ ಆಡಿಸಲು ಹೇಳಿ. ವಿಂಡೋ ಮೌಸ್ ಹಿಂದೆಯೇ ಬರುತ್ತದೆ.

ಬೇರೆ ಟೂಲ್ ಬಳಸುವವರಿಗೆ

ಪೈಥಾನಿನ ಟಿಕೆಇಂಟರ್‌ನಲ್ಲಿ ಗ್ರಿಡ್ ಬಳಸಿದರೆ ಪ್ರತಿ ಕಾಲಂನ ವೇಟ್ 0 ಇರುತ್ತದೆ, ಅದಕ್ಕೇ ಏನೂ ಹಿಗ್ಗುವುದಿಲ್ಲ. ಬೇಕಾದ ಕಾಲಂಗೆ ವೇಟ್ 1 ಕೊಟ್ಟು, ಕಂಟ್ರೋಲ್‌ಗೆ ಸ್ಟಿಕಿ ಕೊಡಿ. ಎರಡೂ ಬೇಕು, ಒಂದು ಸಾಲದು. ಕ್ಯೂಟಿಯಲ್ಲಿ ಸ್ಟ್ರೆಚ್ ಮತ್ತು ಸೈಜ್ ಪಾಲಿಸಿ. ಡಬ್ಲ್ಯುಪಿಎಫ್‌ನಲ್ಲಿ ಆಟೋ ಮತ್ತು ಸ್ಟಾರ್. ವೆಬ್‌ನಲ್ಲಿ ಸಿಎಸ್‌ಎಸ್ ಗ್ರಿಡ್‌ನ ಎಫ್‌ಆರ್. ಹೆಸರು ಬೇರೆ, ಮೊದಲ ಹೆಜ್ಜೆಯ ಹಾಳೆ ಎಲ್ಲದಕ್ಕೂ ಅದೇ.

ಕೊಡುವ ಮೊದಲು ಒಂದು ಸುತ್ತು

100, 125, 150 ಮೂರೂ ಸ್ಕೇಲ್‌ನಲ್ಲಿ ತೆರೆಯಿರಿ. ಸ್ಕೇಲ್ ಬದಲಿಸಿದಾಗಲೆಲ್ಲ ಪ್ರೋಗ್ರಾಂ ಮುಚ್ಚಿ ತೆರೆಯಿರಿ, ಒಂದು ಸಲ ಮುಚ್ಚದೆಯೂ ನೋಡಿ. ವಿಂಡೋಸ್ ಕೀ ಮತ್ತು ಎಡಬಾಣ ಒತ್ತಿ ಅರ್ಧ ಪರದೆಗೆ ಕೂರಿಸಿ. ಕನಿಷ್ಠ ಅಳತೆಗೆ ಎಳೆದು ಟ್ಯಾಬ್ ಕೀ ಒತ್ತುತ್ತಾ ಹೋಗಿ, ಪ್ರತಿ ಬಾಕ್ಸ್‌ಗೂ ಕರ್ಸರ್ ಕಾಣುವ ಹಾಗೆ ಬರುತ್ತದೆಯಾ ನೋಡಿ. ಮಿನಿಮೈಸ್ ಮಾಡಿ ತೆರೆಯಿರಿ. ಎರಡನೇ ಮಾನಿಟರ್‌ಗೆ ಎಳೆದು, ಅಲ್ಲೇ ಮುಚ್ಚಿ, ವೈರ್ ಕಿತ್ತು, ಮತ್ತೆ ತೆರೆಯಿರಿ.

ಆಮೇಲೆ ಬಳಸುವವರ ಕುರ್ಚಿಯಲ್ಲೇ ಕೂತು ಒಂದು ಬಿಲ್ ಹೊಡೆಯಿರಿ. ನಾನು ಎರಡನೇ ಸಲ ಹೋದಾಗ ಹೊಡೆದಿದ್ದು 5 ಕೆಜಿ ಅಕ್ಕಿ, 1 ಕೆಜಿ ಬೆಲ್ಲ, ಕಾಲು ಕೆಜಿ ಬೆಳ್ಳುಳ್ಳಿ. ಒತ್ತುಗಳೆಲ್ಲ ಇದ್ದವು. ಅಂಗಡಿಯವರು ವಾಟ್ಸಾಪ್ ಪಕ್ಕಕ್ಕೆ ವಿಂಡೋ ಸರಿಸಿ, ಮುಂದಿನ ಗ್ರಾಹಕರ ಪಟ್ಟಿ ಓದಲು ಶುರು ಮಾಡಿದರು.